ಮಾನ್ವಿಯ ಮೂರು ವರ್ಷಕ್ಕೆ ಸಾಕ್ಷಿ

ನನ್ನ ಗಂಡ ನರ್ಸ್. ನಾವು ಆಸ್ಟ್ರೇಲಿಯಾಕ್ಕೆ ಹೋದದ್ದು ಅವರ ಕೆಲಸದ ಮೇಲೆ. ದೇವದುರ್ಗದಲ್ಲಿ ಇದನ್ನು ಹೇಳಿದರೆ ಜನ ಇನ್ನೊಮ್ಮೆ ಕೇಳುತ್ತಾರೆ. ‘ನರ್ಸ್ ನೀನೋ, ಅವರೋ?’ ಅವರೇ ಎಂದು ಖಾತ್ರಿಯಾದ ಮೇಲೆ ‘ಹಂಗಾರ ನೀ ಏನ್ ಮಾಡ್ತಿ?’ ಎನ್ನುತ್ತಾರೆ. ಕಂಪ್ಯೂಟರ್ ಕೆಲಸ ಎಂದರೆ ಅವರಿಗೆ ಸಮಾಧಾನ. ಅಲ್ಲಿಂದ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಆಸ್ಟ್ರೇಲಿಯಾದವರಿಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅಲ್ಲಿ ಕಾಯಂ ಆಗಿ ಉಳಿಯಬೇಕೆಂದರೆ ಗಂಡ ಹೆಂಡತಿ ಇಬ್ಬರ ವಯಸ್ಸು, ವಿದ್ಯೆ, ಕೆಲಸ, ಇಂಗ್ಲಿಷು ಎಲ್ಲವನ್ನೂ ಅಳೆದು ಅಂಕ ಹಾಕುತ್ತಾರೆ. ಗಂಡನ ಅಂಕ ಬೇಗ ಬಂತು. ಅವರಿಗೆ ಸೂಜಿ ಚುಚ್ಚಲು ಬರುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ಒಪ್ಪಿಕೊಂಡರು. ನನ್ನ ಕಥೆ ಹಾಗಲ್ಲ. ನಾನು ರಾಯಚೂರಿನ ಕಾಲೇಜಿನಲ್ಲಿ ಓದಿದ್ದು ಬಿ.ಎ., ಅದರಲ್ಲೂ ಇತಿಹಾಸ. ಬಹಮನಿ ಸುಲ್ತಾನರ ಬಗ್ಗೆ ಇವತ್ತು ಕೇಳಿದರೂ ಒಂದು ಪುಟ ಬರೆಯಬಲ್ಲೆ. ಕಂಪ್ಯೂಟರ್ ಕಲಿತದ್ದೆಲ್ಲ ಕೆಲಸ ಮಾಡುತ್ತ ಮಾಡುತ್ತಲೇ.

ಇಂಥವರಿಗಾಗಿಯೇ ಅಲ್ಲೊಂದು ಸಂಸ್ಥೆ ಇದೆ. ‘ಈ ಮನುಷ್ಯ ನಿಜವಾಗಿಯೂ ಕಂಪ್ಯೂಟರ್ ಕೆಲಸದವನು’ ಎಂದು ಪ್ರಮಾಣಪತ್ರ ಕೊಡುವುದು ಅದರ ಕೆಲಸ. ಓದಿದ್ದು ಬೇರೆ ವಿಷಯವಾದರೆ ಅನುಭವ ಹೆಚ್ಚು ತೋರಿಸಬೇಕು. ಪ್ರತಿ ವರ್ಷಕ್ಕೂ ಆಗಿನ ಮಾಲೀಕರ ಪತ್ರ ಬೇಕು. ಅದರಲ್ಲಿ ಏನೇನು ಕೆಲಸ ಮಾಡಿದಳೆಂಬುದು ವಿವರವಾಗಿರಬೇಕು, ಅದು ಅಂಗಡಿಯ ಹೆಸರು ಅಚ್ಚಾದ ಹಾಳೆಯ ಮೇಲಿರಬೇಕು, ಕೆಳಗೆ ಫೋನ್ ನಂಬರಿರಬೇಕು. ಅನುಮಾನ ಬಂದರೆ ಅವರು ಫೋನ್ ಮಾಡಿ ಕೇಳುತ್ತಾರೆ.

ಹೈದರಾಬಾದಿನಲ್ಲಿ ನಾನು ದುಡಿದ ಕಂಪನಿ ಒಂದೇ ಈಮೇಲಿಗೆ ಪತ್ರ ಕಳಿಸಿತು. ಆಸ್ಟ್ರೇಲಿಯಾದ ಕೆಲಸದ ಪತ್ರವೂ ಬಂತು. ಕೂಡಿಸಿ ನೋಡಿದರೆ ಸಾಲುತ್ತಿರಲಿಲ್ಲ. ಮಾನ್ವಿಯ ಮೂರು ವರ್ಷ ಸೇರಿದರೆ ಮಾತ್ರ ಸಾಲುತ್ತಿತ್ತು.

ಮಾನ್ವಿಯಲ್ಲಿ ನಾನಿದ್ದದ್ದು ಬಸ್‌ಸ್ಟ್ಯಾಂಡ್ ಎದುರು, ಚಪ್ಪಲಿ ಅಂಗಡಿಯ ಮೇಲಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಬಿ.ಎ. ಮುಗಿದ ಮೇಲೆ ಟೈಪಿಂಗ್ ಕಲಿಯಲು ಹೋದವಳು ಕೆಲಸಕ್ಕೇ ನಿಂತೆ. ಕಲಿಸುವುದು, ಕೆಟ್ಟ ಕಂಪ್ಯೂಟರ್ ಬಿಚ್ಚಿ ಜೋಡಿಸುವುದು, ಸುತ್ತಲಿನ ಅಕ್ಕಿ ಗಿರಣಿಗಳಿಗೆ ಹೋಗಿ ಬಿಲ್ ಹಾಕುವ ವ್ಯವಸ್ಥೆ ಕೂರಿಸುವುದು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ವೈರ್ ಎಳೆಯುವುದು, ಎಲ್ಲಾ ನಾನೇ. ಮಾಲೀಕರು ವ್ಯಾಪಾರದ ಮನೆತನದವರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಿ ತುಂಬ ಮಾತು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ನಾನು ಹೈದರಾಬಾದಿಗೆ ಹೋದ ಮೇಲೆ ಸೆಂಟರ್ ಮುಚ್ಚಿದೆ ಎಂದು ಯಾರೋ ಹೇಳಿದ್ದರು. ಆಮೇಲೆ ಅವರೇನು ಮಾಡುತ್ತಿದ್ದಾರೆ ಎಂದು ನಾನು ವಿಚಾರಿಸಿರಲಿಲ್ಲ.

ರಜೆ ಹಾಕಿ ದೇವದುರ್ಗಕ್ಕೆ ಬಂದೆ. ನನ್ನವ್ವ ಅರಕೇರಾದಲ್ಲಿ ಅಂಗನವಾಡಿ ಶಿಕ್ಷಕಿ. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆಕೆ ಹತ್ತನೇ ತರಗತಿ ಪಾಸಾಗಿ ಈ ಕೆಲಸ ಹಿಡಿದು, ನಮ್ಮನ್ನೆಲ್ಲ ಓದಿಸಿದಳು. ಇನ್ನೂ ನಿವೃತ್ತಿಯಾಗಿಲ್ಲ, ಆಗುವ ಮನಸ್ಸೂ ಇಲ್ಲ. ಬಂದ ಕಾರಣ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

“ನಿನಗ ಕಂಪ್ಯೂಟರ್ ಬರ್ತದ ಅಂತ ತಿಳ್ಕೊಳ್ಳಾಕ ಅವರು ಮಾನ್ವಿಗೆ ಯಾಕ ಕೇಳಬೇಕು? ಅವರ ಆಫೀಸಿನಾಗ ಕೆಟ್ಟಿದ್ದು ಒಂದೂ ಇಲ್ಲೇನು? ನಿನ್ನ ಮುಂದ ಇಟ್ಟು ‘ರಿಪೇರಿ ಮಾಡು’ ಅಂದ್ರ ಗೊತ್ತಾಗಂಗಿಲ್ಲೇನು?”

“ಹಂಗಲ್ಲವ್ವಾ, ಕಾಗದ ಬೇಕು.”

“ಹೌದು ಬಿಡು. ನಾನೂ ದಿನಾ ತತ್ತಿ ಕೊಟ್ಟೀನಿ ಅಂತ ಫೋಟೋ ತೆಗದು ಹಾಕ್ತೀನಿ. ಕೂಸು ತಿಂದು ತೇಗಿದ್ರೂ ನಡಿಯಂಗಿಲ್ಲ, ಫೋಟೋನೇ ಬೇಕು. ಆಸ್ಟ್ರೇಲಿಯಾದಾಗೂ ನಮ್ಮ ಇಲಾಖಿನೇ ಅದ ಅನ್ನು.”

ಮರುದಿನ ಭಾನುವಾರ. ನಾನೂ ಬರುತ್ತೇನೆ ಎಂದು ಅವ್ವ ಹೊರಟಳು. ‘ಸರ್ ಬಾಯಿ ದೊಡ್ಡದು, ನಿನಗೊಬ್ಬಾಕಿಗೆ ಆಗಂಗಿಲ್ಲ’ ಎಂಬುದು ಅವಳ ಕಾರಣ. ಬಸ್ಸು ಅರಕೇರಾ ದಾಟುವಾಗ ಕಿಟಕಿಯಿಂದ ತನ್ನ ಅಂಗನವಾಡಿ ತೋರಿಸಿದಳು. ನಾನು ಅದನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಆದರೂ ನೋಡಿದೆ.

ಚಪ್ಪಲಿ ಅಂಗಡಿ ಇತ್ತು. ಮೇಲಿನ ಸೆಂಟರಿನಲ್ಲಿ ಈಗ ಯಾರೋ ಹಲ್ಲಿನ ಡಾಕ್ಟರು. ಚಪ್ಪಲಿ ಅಂಗಡಿಯವನು ಸರ್ ಎಲ್ಲಿದ್ದಾರೆಂದು ಹೇಳಿದ. ಊರ ಹೊರಗೆ ಅವರದೀಗ ಮಂಡಾಳು ಭಟ್ಟಿ, ಮಂಡಕ್ಕಿ ಹುರಿಯುವ ಜಾಗ.

ಭಟ್ಟಿ ಎಂದರೆ ತಗಡಿನ ದೊಡ್ಡ ಶೆಡ್ಡು. ಒಳಗೆ ಒಲೆ ಉರಿಯುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದು ಚಟಚಟ ಅರಳಿ ಮಂಡಾಳಾಗಿ ಬೀಳುತ್ತಿತ್ತು. ಸರ್ ಬನಿಯನ್ನಿನಲ್ಲಿ, ಹೆಗಲಿಗೆ ಟವೆಲ್ ಹಾಕಿಕೊಂಡು ಚೀಲ ಎಣಿಸುತ್ತಿದ್ದರು. ನನ್ನನ್ನು ನೋಡಿ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಆಮೇಲೆ ಇಡೀ ಶೆಡ್ಡು ತಿರುಗಿ ನೋಡುವಂತೆ ಕೂಗಿದರು.

“ಏ ತಂಗೀ! ಆಸ್ಟ್ರೇಲಿಯಾದಾಗ ಅದಾಳ ಅಂದ್ರಲ್ಲಲೇ ಎಲ್ಲಾರೂ! ಬರ್ರಿ ಅಕ್ಕೋರ, ಬರ್ರಿ. ಏ, ಕುರ್ಚಿ ತೊಗೊಂಬರ್ರಿ, ನಮ್ಮ ಸೆಂಟರ್ ಟೀಚರ್ ಬಂದಾಳ!”

ಸೆಂಟರ್ ಯಾಕೆ ಮುಚ್ಚಿದಿರಿ ಎಂದು ಕೇಳಿದೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಟೈಪಿಂಗಿಗೆ ಬರುವವರೇ ಇಲ್ಲವಾದರಂತೆ. ಸೋದರಮಾವ ನಡೆಸುತ್ತಿದ್ದ ಭಟ್ಟಿ ಖಾಲಿಯಿತ್ತಂತೆ, ಇದನ್ನು ಹಿಡಿದರಂತೆ. “ಇದು ಕಂಪ್ಯೂಟರಿಗಿಂತ ಚಲೋ ತಂಗಿ. ಹ್ಯಾಂಗ್ ಆಗಂಗಿಲ್ಲ” ಎಂದರು. ಆದರೆ ಹೇಳಿದ ಮೇಲೆ ಒಂದು ಕ್ಷಣ ಒಲೆಯನ್ನೇ ನೋಡುತ್ತ ನಿಂತರು.

ನಾನು ಪತ್ರದ ವಿಷಯ ಹೇಳಿದೆ. ಅವರು ಟವೆಲಿನಿಂದ ಕೈ ಒರೆಸಿಕೊಂಡು, ಒಬ್ಬನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಅಲ್ಲೇ ಬಿಲ್ ಪುಸ್ತಕದ ಹಿಂದೆ ಬರೆಯತೊಡಗಿದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು.

“ಸದರಿ ಕುಮಾರಿಯು ಸದ್ಗುಣಿಯೂ, ವಿನಯಶೀಲಳೂ, ಮಿತಭಾಷಿಯೂ ಆಗಿದ್ದು—”

“ಮಿತಭಾಷಿ ಯಾರ್ರೀ ಸರ್ರ?” ಎಂದಳು ಅವ್ವ.

“ಅಕ್ಕೋರ, ಇದು ಸರ್ಟಿಫಿಕೇಟಿನ ಭಾಷಾ.”

“ಸುಳ್ಳು ಬರದ್ರ ಅವರು ಹಿಡೀತಾರಂತ್ರಿ. ಈಕಿ ಜೋಡಿ ಎರಡು ಮಾತಾಡಿದ್ರ ಗೊತ್ತಾಗ್ತದ.”

ಗುಣದ ಮಾತು ಬೇಡ, ಕೆಲಸದ ಮಾತು ಬೇಕು ಎಂದು ನಾನು ವಿವರಿಸಿದೆ. ಅವರಿಗೆ ಬೇಸರವಾಯಿತು. ಗುಣ ಬರೆಯದಿದ್ದರೆ ಅದೆಂಥ ಪತ್ರ ಎಂದರು. ಕೊನೆಗೆ ಕೆಲಸ ನೆನೆಸಿಕೊಳ್ಳಲು ಕುಳಿತರು. ಒಮ್ಮೆ ಶುರುವಾದ ಮೇಲೆ ಅವರನ್ನು ನಿಲ್ಲಿಸಲಾಗಲಿಲ್ಲ. ನಾನು ಮರೆತದ್ದೂ ಅವರಿಗೆ ನೆನಪಿತ್ತು. ಗಿರಣಿಯ ಹೊಟ್ಟಿನ ಧೂಳು ತುಂಬಿ ಕಂಪ್ಯೂಟರ್ ನಿಂತಾಗ ನಾನು ಸೈಕಲ್ ಪಂಪಿನಿಂದ ಗಾಳಿ ಹೊಡೆದದ್ದು, ಬಿಲ್ ಬರೆಯುವ ಮುನಿಮರಿಗೆ ಕಂಪ್ಯೂಟರ್ ಮುಟ್ಟಲು ಹೆದರಿಕೆಯಿದ್ದದ್ದು, ಅವರ ಬೆರಳು ಹಿಡಿದು ಕಲಿಸಿದ್ದು. ಕುರ್ಡಿ ದಾರಿಯಲ್ಲಿರುವ ಗಿರಣಿಯ ಪ್ರಸಂಗ ಬಂದಾಗ ಅವರು ಎದ್ದೇ ನಿಂತರು.

“ಇಲಿ! ಇಲಿ ಬರಿ ತಂಗಿ! ಅಲ್ಲಿ ನಾಕು ಸಲ ವೈರ್ ಎಳದ್ವಿ, ನಾಕೂ ಸಲ ಇಲಿ ಕಡದ್ವು. ಕಡೀಗೆ ನೀನೇ ಕಬ್ಬಿಣದ ಪೈಪಿನಾಗ ವೈರ್ ಹಾಕಿ, ಬೋನು ಇಟ್ಟು ಇಲಿ ಹಿಡದು, ಎಲ್ಲಾ ಬಂದೋಬಸ್ತ್ ಮಾಡಿದಿ. ಅದಕ್ಕಿಂತ ದೊಡ್ಡ ಕೆಲಸ ಯಾವುದು ಮಾಡೀವಿ ನಾವು?”

“ಇಲಿ ಬರ್ಯಾಕ ಬರಂಗಿಲ್ರಿ ಸರ್.”

“ಯಾಕ? ಆಸ್ಟ್ರೇಲಿಯಾದಾಗ ಇಲಿ ಇಲ್ಲೇನು?”

ನಾನು ಇಂಗ್ಲಿಷಿನಲ್ಲಿ ಬರೆದೆ: ‘ಅಕ್ಕಿ ಗಿರಣಿಗಳಲ್ಲಿ ನೆಟ್‌ವರ್ಕ್ ಜೋಡಣೆ, ನಿರ್ವಹಣೆ ಮತ್ತು ರಕ್ಷಣೆ.’ ಅದರ ಅರ್ಥ ಹೇಳಿದೆ. ಅವರು ಅನುಮಾನದಿಂದ ಹಾಳೆ ನೋಡಿದರು.

“ಇದರಾಗ ಇಲಿ ಎಲ್ಲಿ ಅದ?”

“‘ರಕ್ಷಣೆ’ ಅಂದ ಜಾಗದಾಗ ಅದ ಸರ್.”

ಅಷ್ಟಕ್ಕೆ ಒಪ್ಪಿದರು. ಆದರೆ ಮುಖ ಸಪ್ಪಗಿತ್ತು.

ಇನ್ನು ಅಂಗಡಿಯ ಹೆಸರು ಅಚ್ಚಾದ ಹಾಳೆ ಬೇಕಿತ್ತು. ಸೆಂಟರ್ ಮುಚ್ಚಿದಾಗ ಉಳಿದ ಹಾಳೆಗಳಲ್ಲಿ ಹೆಚ್ಚಿನವು ಮಂಡಾಳು ಕಟ್ಟಿ ಕೊಡುವ ಪೊಟ್ಟಣಗಳಾಗಿ ಊರಿಡೀ ಹಂಚಿಹೋಗಿದ್ದವು. ಹೊಸದಾಗಿ ಅಚ್ಚು ಹಾಕಿಸೋಣ ಎಂದರು ಸರ್. ಮುಚ್ಚಿದ ಅಂಗಡಿಗೆ ಹೊಸ ಹಾಳೆ ಬೇಡ, ಅನುಮಾನ ಬರುತ್ತದೆ ಎಂದೆ. ಆಗ ಅವರ ಹೆಂಡತಿ, ಭಟ್ಟಿಯ ಹಿಂದೆಯೇ ಇದ್ದ ಮನೆಯ ಅಡುಗೆಮನೆಯಿಂದ ಕರೆದರು. ಡಬ್ಬಿ ಇಡುವ ಹಲಗೆಯ ಮೇಲೆ ಆಕೆ ಹಾಸಿದ್ದು ಅದೇ ಹಾಳೆ. ಒಂದೊಂದಾಗಿ ಡಬ್ಬಿ ಎತ್ತಿ ಹಾಳೆ ತೆಗೆದು ನೋಡಿದೆವು. ಎಣ್ಣೆಯ ಡಬ್ಬಿಯ ಕೆಳಗಿನದು ಪಾರದರ್ಶಕವಾಗಿತ್ತು. ಉಪ್ಪಿನಕಾಯಿ ಭರಣಿಯ ಕೆಳಗಿನದು ಓದುವ ಹಾಗಿರಲಿಲ್ಲ. ಸಕ್ಕರೆ ಡಬ್ಬಿಯ ಕೆಳಗಿನ ಹಾಳೆಯನ್ನು ಇರುವೆ ತಿಂದಿದ್ದವು. ಅರಿಶಿನದ ಡಬ್ಬಿಯ ಕೆಳಗಿನದು ಮಾತ್ರ ಒಂದು ಹಳದಿ ಉಂಗುರ ಬಿಟ್ಟರೆ ಚೊಕ್ಕಟವಿತ್ತು.

“ಶುಭ ಆತು ಬಿಡು. ಅರಿಶಿಣ ಹಚ್ಚಿದ ಪತ್ರ” ಎಂದರು ಸರ್.

ಆ ಹಾಳೆಯ ಮೇಲೆ ಇಳಿಸಿದ ಪತ್ರಕ್ಕೆ ನೋಟರಿಯ ಮುಂದೆ ಸಹಿ ಮಾಡಿಸಬೇಕಿತ್ತು. ಅದಕ್ಕೆ ರಾಯಚೂರಿಗೆ ಹೋಗೋಣ ಎಂದು ಸರ್ ತಾವೇ ದಿನ ಗೊತ್ತು ಮಾಡಿದರು. ಆವತ್ತು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಅವ್ವನಿಗೂ ನನಗೂ ಮೊದಲು ಅವರ ಗುರುತೇ ಸಿಗಲಿಲ್ಲ. ಮದುವೆಯ ಕೋಟು ಹಾಕಿಕೊಂಡಿದ್ದರು. ರಾಯಚೂರಿನ ಬಿಸಿಲಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಕಪ್ಪು ಕೋಟು. ಕೋಟು ಅವರ ಮದುವೆಯ ಅಳತೆಯದು. ಗುಂಡಿ ಹಾಕಿದರೆ ಮಾತು ಬರುತ್ತಿರಲಿಲ್ಲ, ಮಾತಾಡಬೇಕಾದಾಗಲೆಲ್ಲ ಒಂದು ಗುಂಡಿ ಬಿಚ್ಚುತ್ತಿದ್ದರು.

ಕೋರ್ಟಿನ ಹತ್ತಿರ ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡಿದ್ದ ನೋಟರಿ, ಪತ್ರ ಓದಿ ಸರ್ ಕಡೆ ನೋಡಿದರು.

“ಈ ಸೆಂಟರ್ ಈಗ ಅದ ಏನ್ರಿ?”

“ಇತ್ತುರಿ.”

“ಈಗ?”

“ಈಗ ಮಂಡಾಳು.”

ನೋಟರಿ ಮತ್ತೇನೂ ಕೇಳದೆ ಮೊಹರು ಒತ್ತಿದರು. ಸರ್ ಇನ್ನೆರಡು ಒತ್ತಿರಿ ಎಂದರು. ಒಂದೇ ಸಾಕು ಎಂದರು ನೋಟರಿ. ಸರ್ ಗುಂಡಿ ಬಿಚ್ಚಿದರು.

“ಆಸ್ಟ್ರೇಲಿಯಾ ಭಾಳ ದೂರ ಅದರಿ ಸಾಹೇಬ್ರ. ಹೋಗೋದರೊಳಗ ಒಂದೆರಡು ಅಳಸಿದ್ರೂ ಒಂದಾದ್ರೂ ಉಳೀಲಿ.”

ಪತ್ರ ಹೋಗುವುದಿಲ್ಲ, ಅದರ ಫೋಟೋ ಮಾತ್ರ ಹೋಗುತ್ತದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೋಟರಿ ಸೋತು ಇನ್ನೆರಡು ಒತ್ತಿದ್ದರು. ಎದುರಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲೇ ನಿಂತು ಕಳಿಸಿದೆ. ಮೂರೂ ಮೊಹರು ಮತ್ತು ಅರಿಶಿನದ ಉಂಗುರ ಚೆನ್ನಾಗಿ ಬಂದಿದ್ದವು. ನಾಲ್ಕನೆಯದೂ ಮೊಹರೇ ಎಂದು ಯಾರಾದರೂ ತಿಳಿಯುವಂತಿತ್ತು.

ಕೆಲವು ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಸರ್ ಫೋನ್ ಬಂತು. ದನಿಯಲ್ಲಿ ಗಾಬರಿಯೂ ಇತ್ತು, ಹೆಮ್ಮೆಯೂ ಇತ್ತು.

“ತಂಗೀ, ಹುಷಾರ್! ನಿನ್ನ ಕಾಗದಪತ್ರ ಎಲ್ಲಾ ಕಳ್ಳರ ಕೈಗೆ ಸಿಕ್ಕಾವ. ಈಗ ಒಬ್ಬಾಕಿ ಇಂಗ್ಲಿಷಿನಾಗ ಫೋನ್ ಮಾಡಿದ್ಲು. ಉದ್ದಂದ್ರ ಉದ್ದ ನಂಬರ್. ನಿನ್ನ ಹೆಸರು ಹೇಳ್ತಾಳ, ನನ್ನ ಹೆಸರು ಹೇಳ್ತಾಳ, ಸೆಂಟರ್ ಹೆಸರೂ ಹೇಳ್ತಾಳ. ದಿನಾ ಫೋನಿನಾಗ ಹೇಳ್ತಾರಲ್ಲ, ಮೋಸ ಮಾಡೋರು ಅದಾರ, ಏನೂ ಹೇಳಬ್ಯಾಡ್ರಿ ಅಂತ? ಅದೇ.”

“ನೀವೇನ್ ಅಂದ್ರಿ ಸರ್?”

“ನಾ ಏನ್ ಹುಚ್ಚ ಏನು? ನೀ ಯಾರಂತ ಗೊತ್ತೇ ಇಲ್ಲ ಅಂದೆ. ‘ನೋ ನೋ, ಐ ಡೋಂಟ್ ನೋ ದಿಸ್ ಗರ್ಲ್’ ಅಂದೆ. ಆಕಿ ಬಿಡಲಿಲ್ಲ. ‘ಸೆಂಟರ್ ನಿಮ್ದಲ್ಲೇನು?’ ಅಂದ್ಲು. ‘ನೋ ಸೆಂಟರ್, ಓನ್ಲಿ ಮಂಡಾಳು’ ಅಂದೆ. ಕಡೀಗೆ ದುಡದು ತಿನ್ನು ತಂಗಿ ಅಂತ ಬುದ್ಧಿ ಹೇಳಿ ಇಟ್ಟೆ. ನೀ ಏನೂ ಫಿಕರ್ ಮಾಡಬ್ಯಾಡ.”

ನಾನು ಮಂಚದ ಮೇಲೆ ಕುಳಿತೆ. ಪಕ್ಕದಲ್ಲಿ ಕೇಳಿಸಿಕೊಂಡ ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಫೋನ್ ಮಾಡಿದಾಕೆ ಪ್ರಮಾಣಪತ್ರ ಕೊಡುವ ಸಂಸ್ಥೆಯವಳೇ ಎಂದು ನಾನು ಹೇಳಿದಾಗ ಆ ಕಡೆ ಫೋನಿನಲ್ಲಿ ಬಹಳ ಹೊತ್ತು ಮಂಡಾಳು ಸಿಡಿಯುವ ಸದ್ದು ಮಾತ್ರ ಕೇಳಿಸಿತು.

“ಅಯ್ಯ ಶಿವನೇ” ಎಂದರು ಕೊನೆಗೆ. “ದುಡದು ತಿನ್ನು ಅಂದೆನಲ್ಲಲೇ ಆಕಿಗೆ. ಆಕಿ ದುಡ್ಯಾಕತ್ತಿದ್ಲು!”

ಈಮೇಲ್ ಮರುದಿನವೇ ಬಂತು. ನಿಮ್ಮ ಮಾಲೀಕರು ನಿಮ್ಮನ್ನು ಕಂಡೇ ಇಲ್ಲ ಎನ್ನುತ್ತಾರೆ, ನಿಮ್ಮ ಉತ್ತರವೇನು ಎಂದು. ಮೊದಲ ಸಲ ನನಗೆ ನಿಜವಾದ ಭಯವಾಯಿತು. ಸುಳ್ಳು ಪತ್ರ ಕೊಟ್ಟವಳು ಎಂದು ಒಮ್ಮೆ ಬರೆದುಕೊಂಡರೆ ಅದು ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, “ಇದ್ದದ್ದು ಇದ್ದಂತೆ ಬರಿ. ಆಕೆಗೂ ಮೋಸದ ಕರೆ ಬಂದೇ ಇರುತ್ತವೆ” ಎಂದರು. ಹಾಗೇ ಬರೆದೆ. ಒಬ್ಬ ಹಿರಿಯ ವ್ಯಾಪಾರಿ ನನ್ನನ್ನು ಕಾಪಾಡಲೆಂದೇ ನನ್ನನ್ನು ಅಲ್ಲಗಳೆದರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದು ಇಡೀ ಮುಂಜಾನೆ ಹಿಡಿಯಿತು.

ಸಂಸ್ಥೆಯವರು ಒಪ್ಪಿದರು. ಇನ್ನೊಮ್ಮೆ ಕರೆ ಮಾಡುತ್ತೇವೆ, ಈ ಸಲ ಕನ್ನಡ ಬಲ್ಲ ದುಭಾಷಿ ಇರುತ್ತಾರೆ, ಹೊತ್ತು ಇಂಥದ್ದು, ಅರ್ಜಿದಾರರು ಆ ಕೋಣೆಯಲ್ಲಿ ಇರಕೂಡದು ಎಂದು ಬರೆದರು.

ಆವತ್ತು ಅವ್ವನೂ ನಾನೂ ಭಟ್ಟಿಯ ಎದುರು, ರಸ್ತೆಯಾಚೆಯ ಚಹದಂಗಡಿಯಲ್ಲಿ ಕುಳಿತೆವು. ಕೋಣೆಯಲ್ಲಿ ಇರಬಾರದು ಎಂಬುದನ್ನು ನಾವು ಪಾಲಿಸಿದೆವು. ಆದರೆ ಸರ್ ಭಟ್ಟಿಯ ಸದ್ದಿಗೆ ಒಗ್ಗಿದ ಮನುಷ್ಯ. ಅವರು ಫೋನಿನಲ್ಲಿ ಮಾತಾಡಿದರೆ ಆಸ್ಟ್ರೇಲಿಯಾಕ್ಕೆ ಫೋನ್ ಬೇಕಾಗಿಯೇ ಇರಲಿಲ್ಲ. ಅವರ ಕಡೆಯ ಅರ್ಧ ಮಾತು ಚಹದಂಗಡಿಗೆಲ್ಲ ಕೇಳಿಸಿತು.

“ಹ್ಞಾಂ, ನಮಸ್ಕಾರ್ರಿ! ಹೇಳ್ರಿ! ... ಹೌದ್ರಿ, ನಮ್ಮಲ್ಲೇ ಇದ್ಲು! ... ಕೆಲಸಾ? ಆಕಿ ಕೆಲಸದ ಮಾತು ಬಿಡ್ರಿ!”

ಅವ್ವ ಖುಷಿಯಿಂದ ನನ್ನ ತೊಡೆ ತಟ್ಟಿದಳು.

“ಏನಂದ್ರಿ? ... ಅಲ್ರಿ, ಬಿಡ್ರಿ ಅಂದ್ರ ಬಿಡೋದಲ್ರಿ! ... ಹುಚ್ಚಿ ಆಗಿ ಕೆಲಸ ಮಾಡ್ತಿದ್ಲುರಿ, ಊಟ ನೀರು ನೋಡ್ತಿದ್ದಿಲ್ಲ! ... ಮತ್ತ? ಮಿಲ್ಲಿನಾಗ ಇಲಿ ಹಿಡ್ಯಾಕ ಆಕಿ ಒಬ್ಬಾಕಿಗೇ ಬರ್ತಿತ್ತುರಿ! ನಮಗ್ಯಾರಿಗೂ ಬರ್ತಿದ್ದಿಲ್ಲ! ... ಹ್ಞಾಂ, ಇಲಿ, ಇಲಿ!”

ನಾನು ತಲೆ ಮೇಲೆ ಕೈ ಹೊತ್ತೆ. ಕೊನೆಗೂ ಅವರು ಇಲಿಯನ್ನು ಸಾಕ್ಷಿಯೊಳಗೆ ಸೇರಿಸಿಬಿಟ್ಟಿದ್ದರು.

“ಆಕಿ ಹೋದಮ್ಯಾಲೇ ನೋಡ್ರಿ ನಮ್ಮ ಸೆಂಟರ್ ಮುಚ್ಚಿದ್ದು!” ಎಂಬುದು ಕೊನೆಯ ಮಾತು. ದನಿ ಸ್ವಲ್ಪ ಇಳಿದಿತ್ತು. ಆಮೇಲೆ ಅವರು ಹೊರಗೆ ಬಂದು, ಎರಡೂ ಕೈ ಎತ್ತಿ, ಎಲೆಕ್ಷನ್ ಗೆದ್ದವರಂತೆ ನಮ್ಮ ಕಡೆ ಬಂದರು. ಚಹದಂಗಡಿಯಲ್ಲಿದ್ದವರಿಗೆಲ್ಲ ಚಹ ಹೇಳಿದರು.

“ಬೆಂಗಳೂರು ಕಡೀ ಹುಡುಗಿ ಇದ್ಲು ತಂಗಿ, ಕನ್ನಡ ಹೇಳಾಕ. ಭಾಳ ಮರ್ಯಾದಿ ಹುಡುಗಿ. ಆದ್ರ ಪಾಪ, ಕನ್ನಡ ಅಷ್ಟು ಬರಂಗಿಲ್ಲ ಆಕಿಗೆ” ಎಂದರು.

ಎರಡು ದಿನಕ್ಕೆ ಈಮೇಲ್ ಬಂತು. ಮಾಲೀಕರು ನಿಮ್ಮನ್ನು ಗುರುತಿಸಿದ್ದಾರೆ, ಸಂತೋಷ. ಆದರೆ ಕೆಲವು ಅಂಶಗಳಿಗೆ ಸ್ಪಷ್ಟನೆ ಬೇಕು ಎಂದಿತ್ತು. ಮಾಲೀಕರು ನಿಮ್ಮ ಕೆಲಸದ ಬಗ್ಗೆ ಚರ್ಚಿಸಲು ಇಷ್ಟಪಡಲಿಲ್ಲ. ಆ ಅವಧಿಯಲ್ಲಿ ನಿಮ್ಮ ಮಾನಸಿಕ ಆರೋಗ್ಯ ಸರಿಯಿರಲಿಲ್ಲ ಎಂದು ಸೂಚಿಸಿದರು. ಇಡೀ ಸಂಸ್ಥೆಯಲ್ಲಿ ಮೌಸ್ ಬಳಸಲು ಬರುತ್ತಿದ್ದವರು ನೀವೊಬ್ಬರೇ ಎಂದರು. ಸಂಸ್ಥೆ ಮುಚ್ಚಲು ನೀವೇ ಕಾರಣ ಎಂದೂ ಹೇಳಿದರು.

ನಾನು ಅದನ್ನು ಕನ್ನಡ ಮಾಡಿ ಅವ್ವನಿಗೆ ಓದಿದೆ. ‘ಮೌಸ್’ ಬಂದಾಗ ಅವಳಿಗೆ ಅರ್ಥವಾಗಲಿಲ್ಲ. ಕಂಪ್ಯೂಟರಿನ ಪಕ್ಕ ಕೈಯಲ್ಲಿ ಹಿಡಿದು ಆಡಿಸುವುದಕ್ಕೆ ಇಂಗ್ಲಿಷಿನಲ್ಲಿ ಇಲಿ ಎನ್ನುತ್ತಾರೆ ಎಂದು ಹೇಳಿದೆ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ಕುಳಿತಳು. ಅವಳು ನಗುವುದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಯ ಆ ನಗುವಿನಲ್ಲಿ ಸ್ವಲ್ಪ ಜರುಗಿತು.

ನಕ್ಕು ಮುಗಿದ ಮೇಲೆ ಅವಳೇ ದಾರಿ ಹೇಳಿದಳು. “ಫೋಟೋ ಕಳಸು. ನಮ್ಮ ಇಲಾಖಿ ಮಂದಿ ಫೋಟೋ ನೋಡಿದ್ರ ತಣ್ಣಗಾಗ್ತಾರ.”

ಹಾಗಾಗಿ ಸರ್ ಸ್ಕೂಟರಿನ ಹಿಂದೆ ನಾನು, ಆಟೋದಲ್ಲಿ ಅವ್ವ, ಕುರ್ಡಿ ದಾರಿಯ ಗಿರಣಿಗೆ ಹೋದೆವು. ಗಿರಣಿ ನಡೆಯುತ್ತಿತ್ತು. ಹಳೆಯ ಮುನಿಮರು ಈಗಿಲ್ಲ, ಅವರ ಜಾಗದಲ್ಲಿ ಬೇರೆಯವರು. ಆಫೀಸಿನ ಕೋಣೆಯಿಂದ ತೂಕದ ಕಟ್ಟೆಯವರೆಗೆ ಗೋಡೆಯುದ್ದಕ್ಕೂ ಹೊಟ್ಟಿನ ಧೂಳು ಕೂತ ಕಬ್ಬಿಣದ ಪೈಪು ಹಾಗೇ ಇತ್ತು. ಒಳಗಿನ ವೈರ್ ಅದೇ. ಇವತ್ತಿಗೂ ಅದರ ಮೇಲೆಯೇ ಬಿಲ್ಲು ನಡೆಯುತ್ತಿದೆ ಎಂದರು ಮುನಿಮರು.

ನಾನು ಪೈಪಿನ ಮೇಲೆ ಕೈ ಇಟ್ಟೆ. ಇಪ್ಪತ್ತೆರಡು ವರ್ಷದವಳಿದ್ದಾಗ ಏಣಿ ಹತ್ತಿ ಇದನ್ನು ಕೂರಿಸಿದ್ದೆ. ಕೆಳಗೆ ಹಮಾಲರು ‘ಹೆಣ್ಣುಮಗಳು ಏಣಿ ಹತ್ಯಾಳ ನೋಡ್ರಲೇ’ ಎಂದು ನಿಂತು ನೋಡಿದ್ದರು. ಸರ್ ಅವರನ್ನು ಗದರಿಸಿ, ತಾವೇ ಏಣಿ ಹಿಡಿದು ನಿಂತಿದ್ದರು. ಇದೆಲ್ಲ ನನಗೆ ಮರೆತೇ ಹೋಗಿತ್ತು. ಹೈದರಾಬಾದಿನಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ನಾನು ಮಾಡಿದ ಯಾವ ಕೆಲಸವನ್ನೂ ಹೀಗೆ ಕೈಯಿಂದ ಮುಟ್ಟಿ ನೋಡಲು ಆಗುವುದಿಲ್ಲ. ಸರ್ ಕೂಡ ಪೈಪನ್ನು ನೋಡುತ್ತ ಮಾತಿಲ್ಲದೆ ನಿಂತಿದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಅವ್ವ ಪೈಪಿನ ಪಕ್ಕ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡಳು. ಅವಳು ಯಾಕೆ ಎಂದು ಕೇಳಿದರೆ, “ಮನಷ್ಯಾರು ಇರಬೇಕು ಫೋಟೋದಾಗ. ಇಲ್ಲಂದ್ರ ವಾಪಸ್ ಕಳಸ್ತಾರ. ನನಗ ಗೊತ್ತದ” ಎಂದಳು.

ಆ ಫೋಟೋ ಜೊತೆಗೆ ಪ್ರತಿಯೊಂದು ಅಂಶಕ್ಕೂ ಉತ್ತರ ಬರೆದೆ. ನಮ್ಮ ಕಡೆ ‘ಮಾತು ಬಿಡ್ರಿ’ ಎಂದರೆ ಹೊಗಳಲು ಮಾತು ಸಾಲದು ಎಂದರ್ಥ. ಹುಚ್ಚಿಯಾಗಿ ದುಡಿಯುವವರಿಗೆ ಔಷಧಿ ಬೇಕಿಲ್ಲ. ಸೆಂಟರ್ ಮುಚ್ಚಿದ್ದು ಮೊಬೈಲಿನಿಂದ, ನನ್ನಿಂದಲ್ಲ. ಮೌಸ್ ಎಂದದ್ದು ಇಲಿ. ನಾಲ್ಕು ಕಾಲಿನದು, ಬಾಲ ಇರುವಂಥದು, ವೈರ್ ಕಡಿಯುವಂಥದು.

ಪ್ರಮಾಣಪತ್ರ ಬಂದಾಗ ನಾನು ವಾಪಸ್ ಹೋಗಿ ಕೆಲಸಕ್ಕೆ ಸೇರಿದ್ದೆ. ಮಾನ್ವಿಯ ಮೂರೂ ವರ್ಷ ಒಪ್ಪಿದ್ದರು. ಕೆಳಗೆ ಅಧಿಕಾರಿ ತಮ್ಮದೊಂದು ಸಾಲು ಸೇರಿಸಿದ್ದರು. ತಮ್ಮ ಅಪ್ಪನದು ಗೋಧಿಯ ಹೊಲವೆಂದೂ, ಇಲಿಗಳ ವಿಷಯ ತಮಗೆ ಗೊತ್ತಿದೆಯೆಂದೂ. ಅವ್ವನಿಗೆ ಹೇಳಿದಾಗ, “ಮೊದಲೇ ಇಲಿ ಬರದಿದ್ರ ಇಷ್ಟು ತಿರಗಾಟ ಇರ್ತಿದ್ದಿಲ್ಲ” ಎಂದಳು. ಸರ್ ಆ ಪ್ರಮಾಣಪತ್ರವನ್ನು ಫೋನಿನಲ್ಲಿ ನನ್ನ ಬಾಯಲ್ಲಿ ಎರಡು ಸಲ ಓದಿಸಿದರು. ಮೂರನೆಯ ಸಲ ಫೋನನ್ನು ಭಟ್ಟಿಯವರಿಗೆಲ್ಲ ಕೇಳುವಂತೆ ಎತ್ತಿ ಹಿಡಿದು ಓದಿಸಿದರು. ಸೆಂಟರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ ಎಂದೆ. “ಇರಲಿ ಬಿಡು, ಹೆಸರು ಬಂತಲ್ಲ” ಎಂದರು.

ಸುದ್ದಿ ಹೇಗೋ ಹರಡಿತು. ಸೆಂಟರಿನಲ್ಲಿ ಕೆಲಸ ಕಲಿತವರು ಎಲ್ಲೆಲ್ಲೋ ಇದ್ದಾರೆ ಎಂದು ನನಗೂ ಆಗಲೇ ಗೊತ್ತಾಯಿತು. ಒಬ್ಬ ದುಬೈಯಲ್ಲಿ, ಇನ್ನೊಬ್ಬಳು ಗಂಡನೊಂದಿಗೆ ಕೆನಡಾದಲ್ಲಿ. ಅವರೂ ಸರ್‌ಗೆ ಫೋನ್ ಮಾಡಿ ಪತ್ರ ಕೇಳತೊಡಗಿದರು. ಸರ್ ಈಗ ಭಟ್ಟಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದಾರಂತೆ. ಪತ್ರ ಕೇಳಿದವರನ್ನು ಮೊದಲು ತಾವೇ ಪರೀಕ್ಷೆ ಮಾಡುತ್ತಾರಂತೆ: ಯಾವ ಗಿರಣಿಗೆ ಹೋಗಿದ್ದಿ, ಎಷ್ಟು ದಿನ ತಡವಾಗಿ ಬಂದಿ, ಏನು ಕೆಡಿಸಿದಿ.

ಹೋದ ವಾರ ನನಗೆ ಫೋನ್ ಮಾಡಿದ್ದರು.

“ತಂಗೀ, ಒಂದು ಮಾತು ಕೇಳಬೇಕಿತ್ತು. ಆ ದುಬೈ ಹುಡುಗ ಇದ್ನಲ್ಲ, ಮೂಲಿ ಕಂಪ್ಯೂಟರಿನಾಗ ಬರೇ ಆಟ ಆಡಕೋತ ಕುಂದರ್ತಿದ್ದ. ಈಗ ಪತ್ರ ಕೊಡ್ರಿ ಅಂತಾನ. ನಾ ಸುಳ್ಳು ಬರ್ಯಂಗಿಲ್ಲ. ಇಂಗ್ಲಿಷಿನ್ಯಾಗ ಅದಕ್ಕ ಏನಂತ ಬರಿಬೇಕು?”

ನಾನು ಸ್ವಲ್ಪ ಯೋಚಿಸಿದೆ. “ಕಂಪ್ಯೂಟರ್ ಎಷ್ಟು ಭಾರ ತಡೀತದ ಅಂತ ದಿನಾ ಪರೀಕ್ಷಾ ಮಾಡ್ತಿದ್ದ ಅಂತ ಬರೀರಿ ಸರ್.”

“ಅದು ಖರೇ ಆಗ್ತದೇನು?”

“ಎಷ್ಟು ಸಲ ಹ್ಯಾಂಗ್ ಮಾಡಿದ್ದ?”

ಅವರು ನೆನಪು ಮಾಡಿಕೊಂಡರು. “ಖರೇ ಅದ” ಎಂದರು. “ತಡಿ, ಪೆನ್ನು ತೊಗೋತೀನಿ.”